ಹೊಗೆ ಹೋದದ್ದೆಲ್ಲಿಗೆ?

ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿ; ಹೆಸರು ಯಾವುದಾದರೂ ಆದೀತು. ಅಲ್ಲಿ ಏಳೆಕರೆ ಹೊಲವುಳ್ಳ ಒಬ್ಬ ಗೃಹಸ್ಥನನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಬೆಳೆಸಾಲದ ಅರ್ಜಿಗೆ ಆತನಿಗೆ ಹೊಲದ ಉತಾರ ಬೇಕಾಗಿದೆ. ಮಡಿ ಅಂಗಿ ತೊಟ್ಟು, ಟೊಪ್ಪಿಗೆ ಇಟ್ಟು, ಮೋಟಾರು ಸೈಕಲ್ಲಿನ ಕೀಲಿಕೈಗಾಗಿ ಗೂಡುಗಳನ್ನೆಲ್ಲ ತಡಕುತ್ತಿರುವಾಗ, ಕಟ್ಟೆಯ ಮೇಲೆ ಕುಳಿತ ಮಗ ತಲೆಯೆತ್ತದೆಯೇ ಕೇಳುತ್ತಾನೆ: “ಹಾನಗಲ್ಲಿಗೆ ಯಾಕ ಹೊಂಟೀ ಯಪ್ಪಾ? ಉತಾರ ಮೊಬೈಲಿನಾಗ ಬರ್ತೈತಲ್ಲ.”

“ಸಹಿ, ಸಿಕ್ಕಾ ಇರತೈತೇನು ಅದರಾಗ?”

“ಎಲ್ಲಾ ಇರತೈತಿ. ನೀ ಕುಂದರು.”

ತಂದೆ ಕುಳಿತ. ಉತಾರ ಬಂತು. ಮೋಟಾರು ಸೈಕಲ್ಲು ಅಂಗಳದಲ್ಲಿಯೇ ಉಳಿಯಿತು. ಹೋಗಿ ಬರುವ ನಲವತ್ತು ಕಿಲೋಮೀಟರ್ ದಾರಿ ತಪ್ಪಿತು. ಮುಕ್ಕಾಲು ಲೀಟರಿಗೆ ತುಸು ಮಿಕ್ಕ ಪೆಟ್ರೋಲು ಟಾಕಿಯಲ್ಲಿಯೇ ನಿಂತಿತು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲಾಮ್ಲ, ಅಂದರೆ ಈಗಿನ ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡ್, ಹುಟ್ಟುತ್ತದೆ. ಮುಕ್ಕಾಲು ಕಿಲೋ ತೂಗುವ ಎಣ್ಣೆಯಿಂದ ಅದರ ಮೂರು ಪಾಲು ತೂಕದ ಅನಿಲ ಹೇಗೆ ಬಂದೀತೆಂದು ಯಾರೂ ಬೆರಗಾಗಬೇಕಿಲ್ಲ. ಉರಿಯುವ ಇಂಗಾಲದೊಡನೆ ಗಾಳಿಯಲ್ಲಿನ ಆಮ್ಲಜನಕವೂ ಕೂಡಿಕೊಳ್ಳುತ್ತದೆ, ತೂಕ ಅದರದು. ಅಂತೂ ಆ ದಿನ ಹಾನಗಲ್ಲಿನ ದಾರಿಯಲ್ಲಿ ಸುಮಾರು 1.8 ಕಿಲೋ ಇಂಗಾಲಾಮ್ಲ ಹುಟ್ಟದೆ ಹೋಯಿತು.

ಡಿಜಿಟಲ್ ಅರ್ಥವ್ಯವಸ್ಥೆಯೆಂದು ಈಚೆಗೆ ಎಲ್ಲರ ಬಾಯಲ್ಲಿ ಕೇಳಿಬರುವ ಮಾತಿನ ಅರ್ಥ ಇಷ್ಟೇ. ಕಾಗದ, ನಾಣ್ಯ, ಕಚೇರಿ, ಅಂಗಡಿಗಳ ಮೂಲಕ ನಡೆಯುತ್ತಿದ್ದ ವ್ಯವಹಾರ ಈಗ ತಂತಿಯ ಮೂಲಕ, ತಂತಿಯೂ ಇಲ್ಲದೆ, ನಡೆಯುತ್ತಿದೆ. ಇದರಿಂದ ಹೊಗೆ ಕಡಿಮೆಯಾಯಿತೆಂದು ಹೊಗಳುವವರು ಬಹಳ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಹೊಗಳಿಕೆಯ ಲೆಕ್ಕ ತೆಗೆದರೆ ಮೊತ್ತ ಅಷ್ಟು ಸಲೀಸಾಗಿ ಕೂಡುವುದಿಲ್ಲ.

ಉತಾರದ ಚರಿತ್ರೆಯನ್ನೇ ನೋಡಬಹುದು. ಒಂದು ಕಾಲಕ್ಕೆ ಅದು ಊರಿನಲ್ಲಿಯೇ ಇತ್ತು. ಮೊದಲು ಕುಲಕರ್ಣಿ, ಆ ಮೇಲೆ ತಲಾಟಿ, ಅದನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟುಕೊಂಡಿರುತ್ತಿದ್ದ. ಅವನ ಮನೆಯ ಕಟ್ಟೆಗೆ ಹೋಗಲು ಪೆಟ್ರೋಲು ಬೇಡ, ಎರಡು ಕಾಲು ಸಾಕು. ಕಾಲಿನ ಜೊತೆಗೆ ಕೆಲವು ಸಲ ಕೈಯನ್ನೂ ಬಿಸಿ ಮಾಡಬೇಕಾಗುತ್ತಿತ್ತೆಂಬುದು ಬೇರೆ ಮಾತು. ಆ ಕೈಬಿಸಿಯನ್ನು ತಪ್ಪಿಸಬೇಕೆಂದೇ ಕರ್ನಾಟಕ ಸರಕಾರ ‘ಭೂಮಿ’ ಎಂಬ ಯೋಜನೆಯನ್ನು ತಂದಿತು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು ಎರಡು ಕೋಟಿ ದಾಖಲೆಗಳನ್ನು 2000ದ ಆಚೀಚೆ ಕಂಪ್ಯೂಟರಿಗೆ ಏರಿಸಲಾಯಿತು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಉತಾರ ಸಿಗತೊಡಗಿತು; ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ಲೋಕವೆಲ್ಲ ಇದನ್ನು ಕೊಂಡಾಡಿತು, ಕೊಂಡಾಡತಕ್ಕದ್ದೇ.

ಆದರೆ ಆ ಸಂಭ್ರಮದಲ್ಲಿ ಒಂದು ಸಣ್ಣ ಸಂಗತಿ ಮರೆಯಾಯಿತು. ಊರಿನಲ್ಲಿದ್ದ ಉತಾರ ತಾಲ್ಲೂಕಿನ ಪೇಟೆಗೆ ಹೋಯಿತು. ಕಾಲ್ನಡಿಗೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಬಸ್ಸು ಬೇಕಾಯಿತು, ಟೆಂಪೋ ಬೇಕಾಯಿತು. ಅಂದರೆ ಕಂಪ್ಯೂಟರು ಬಂದ ಮೊದಲ ವರ್ಷಗಳಲ್ಲಿ ಉತಾರವೊಂದರ ಹಿಂದಿನ ಹೊಗೆ ಹೆಚ್ಚಿತೇ ಹೊರತು ಇಳಿಯಲಿಲ್ಲ. ಆ ಮೇಲೆ ನಾಡಕಚೇರಿಗಳು ಹೋಬಳಿಗೆ ಬಂದವು. ಗ್ರಾಮ ಪಂಚಾಯತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರಗಳು, 2022ರಲ್ಲಿ ಗ್ರಾಮ ಒನ್ ಕೇಂದ್ರಗಳು ಬಂದವು. ಕೊನೆಗೆ ಉತಾರ ಮಗನ ಅಂಗೈಗೇ ಬಂತು. ಏರಿದ ಹೊಗೆ ಇಳಿಯಿತು. ಚೀನಾ ದೇಶದ ಪ್ರಾಂತಗಳ ಅಂಕಿಸಂಖ್ಯೆಗಳನ್ನು ಹಿಡಿದು ಅರ್ಥಶಾಸ್ತ್ರಜ್ಞರು ಈಚಿನ ವರ್ಷಗಳಲ್ಲಿ ಬರೆದಿರುವ ಹಲವು ಪ್ರಬಂಧಗಳಲ್ಲಿಯೂ ಇದೇ ಗುಡ್ಡದಾಕಾರದ ಗೆರೆ ಕಾಣಿಸುತ್ತದೆ: ಡಿಜಿಟಲ್ ವ್ಯವಹಾರ ಬೆಳೆಯುವಾಗ ಇಂಗಾಲಾಮ್ಲ ಮೊದಲು ಏರುತ್ತದೆ, ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ. ಅವರು ಸೂತ್ರ ಹಾಕಿ ಕಂಡುಕೊಂಡ ಗುಡ್ಡವನ್ನು ಹಾನಗಲ್ಲಿನ ರೈತ ಮೋಟಾರು ಸೈಕಲ್ಲಿನ ಮೇಲೆ ಏರಿ ಇಳಿದಿದ್ದಾನೆ.

ಇಳಿದದ್ದಾದರೂ ಪೂರ್ತಿ ಇಳಿಯಿತೆ? ಆ ಗೃಹಸ್ಥ ಮೋಟಾರು ಸೈಕಲ್ಲಿನ ಬದಲು ಬಸ್ಸಿನಲ್ಲಿ ಹೋಗುವವನಾಗಿದ್ದರೆ ಲೆಕ್ಕ ಬೇರೆ. ಬಸ್ಸು ಅವನು ಏರಿದರೂ ಓಡುತ್ತದೆ, ಏರದಿದ್ದರೂ ಓಡುತ್ತದೆ. ಇಪ್ಪತ್ತು ಕಿಲೋಮೀಟರಿಗೆ ನಾಲ್ಕು ಲೀಟರ್ ಡೀಸೆಲ್ ಎಂದು ಹಿಡಿದರೆ ಹುಟ್ಟುವ ಇಂಗಾಲಾಮ್ಲ ಹತ್ತು ಕಿಲೋಗೆ ಮಿಕ್ಕು. ಐವತ್ತು ಜನ ಕುಳಿತರೆ ತಲೆಗೆ ಇನ್ನೂರು ಗ್ರಾಮಿನ ಆಸುಪಾಸು. ಐದು ಜನ ಕುಳಿತರೆ ತಲೆಗೆ ಎರಡು ಕಿಲೋ, ಅಂದರೆ ಅದೇ ದಾರಿಗೆ ಮೋಟಾರು ಸೈಕಲ್ಲಿನ ಎರಡು ಪಟ್ಟು. ಉತಾರಕ್ಕೆ, ಬ್ಯಾಂಕಿಗೆ, ವಿದ್ಯುತ್ತಿನ ಬಿಲ್ಲಿಗೆ ಪೇಟೆಗೆ ಬರುತ್ತಿದ್ದವರೆಲ್ಲ ಮನೆಯಲ್ಲಿಯೇ ಕುಳಿತರೆ ಹೊಗೆ ಉಳಿಯಬೇಕಾದರೆ ಬಸ್ಸು ನಿಲ್ಲಬೇಕು. ಬಸ್ಸು ನಿಂತರೆ ಆಸ್ಪತ್ರೆಗೆ ಹೋಗುವ ಮುದುಕಿಯ ಗತಿಯೇನು, ಕಾಲೇಜಿಗೆ ಹೋಗುವ ಹುಡುಗಿಯ ಗತಿಯೇನು? 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದ ಮೇಲೆ ಬಸ್ಸುಗಳು ತುಂಬಿ ತುಳುಕಿದ್ದು ಎಲ್ಲರಿಗೂ ಗೊತ್ತು. ಅದನ್ನು ಕಂಡು ಮೂಗು ಮುರಿದವರು ಉಂಟು. ಇಂಗಾಲದ ಲೆಕ್ಕಿಗನಾದರೆ ತುಂಬಿದ ಬಸ್ಸನ್ನು ಕಂಡು ಸಂತೋಷಪಡಬೇಕಾದವನು.

ಇನ್ನು ಮೊಬೈಲಿನ ಸ್ವಂತ ಖಾತೆ. ದಿನವೂ ಚಾರ್ಜು ಮಾಡಿದರೂ ವರ್ಷಕ್ಕೆ ಅದು ಕುಡಿಯುವ ವಿದ್ಯುತ್ತು ಏಳೆಂಟು ಯೂನಿಟ್ಟಿನೊಳಗೇ. ದೇಶದ ಜಾಲದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋ ಇಂಗಾಲಾಮ್ಲವಿದೆ. ಹಾಗಾದರೆ ವರ್ಷಕ್ಕೆ ಐದಾರು ಕಿಲೋ, ಹಾನಗಲ್ಲಿಗೆ ಮೂರು ಸಲ ಹೋಗಿ ಬಂದಷ್ಟು. ಇದು ದೊಡ್ಡದಲ್ಲ. ದೊಡ್ಡದು ಮೊಬೈಲು ಹುಟ್ಟುವಾಗಿನ ಹೊಗೆ. ಗಣಿಯಿಂದ ಅದಿರು ತೆಗೆದು, ಬಿಡಿಭಾಗ ಮಾಡಿ, ಜೋಡಿಸಿ, ಹಡಗಿಗೋ ವಿಮಾನಕ್ಕೋ ಏರಿಸಿ ಅಂಗಡಿಗೆ ತರುವಷ್ಟರಲ್ಲಿ ಒಂದೊಂದು ಸ್ಮಾರ್ಟ್‌ಫೋನಿನ ಹಿಂದೆ ಸಾಮಾನ್ಯವಾಗಿ 50ರಿಂದ 80 ಕಿಲೋ ಇಂಗಾಲಾಮ್ಲ ಹುಟ್ಟಿರುತ್ತದೆ. ಮೂವತ್ತು ನಲವತ್ತು ಸಲ ಹಾನಗಲ್ಲಿಗೆ ಹೋಗುವುದನ್ನು ತಪ್ಪಿಸಿದಾಗಲೇ ಮೊಬೈಲು ತನ್ನ ಹುಟ್ಟಿನ ಸಾಲವನ್ನು ತೀರಿಸಿದಂತಾಯಿತು. ಐದು ವರ್ಷ ಬಳಸಿದವನಿಗೆ ಇದು ಕಷ್ಟವಲ್ಲ. ಹೊಸದರ ಬಣ್ಣ ಚೆನ್ನಾಗಿದೆಯೆಂದು ವರ್ಷ ವರ್ಷ ಬದಲಾಯಿಸುವವನ ಸಾಲ ತೀರುವುದೇ ಇಲ್ಲ. ಹಳ್ಳಿಯ ರೈತನಿಗಿಂತ ಹುಬ್ಬಳ್ಳಿ, ಬೆಂಗಳೂರುಗಳ ಮನೆಗಳಿಗೇ ಈ ಮಾತು ಹೆಚ್ಚು ಹತ್ತೀತು.

ಈ ಹೊಗೆ ಹಾವೇರಿ ಜಿಲ್ಲೆಯ ಖಾತೆಯಲ್ಲಿ ಬರೆಯಲ್ಪಡುವುದಿಲ್ಲ. ಮೊಬೈಲು ಹುಟ್ಟಿದ್ದು ಚೀನಾದಲ್ಲಿರಬಹುದು, ತಮಿಳುನಾಡಿನಲ್ಲಿರಬಹುದು, ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಇರಬಹುದು. ಅದು ಕುಡಿಯುವ ವಿದ್ಯುತ್ತು ಹುಬ್ಬಳ್ಳಿಯ ಕಂಪನಿಯ ತಂತಿಯಲ್ಲಿ ಬಂದರೂ ಹುಟ್ಟುವುದು ಒಂದಿಷ್ಟು ಶರಾವತಿಯ ನೀರಿನಲ್ಲಿ, ಒಂದಿಷ್ಟು ಗದಗಿನ ಗಾಳಿಯಲ್ಲಿ, ಪಾವಗಡದ ಬಿಸಿಲಿನಲ್ಲಿ. ಉಳಿದದ್ದು ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯಲ್ಲಿ, ಕಲ್ಲಿದ್ದಲಿನ ಒಲೆಯಲ್ಲಿ. ಉತಾರದ ಕಡತ ಕುಳಿತಿರುವ ಯಂತ್ರಗಳ ಮನೆ ಇನ್ನೆಲ್ಲಿಯೋ. ಅಂತಹ ದತ್ತಾಂಶ ಕೇಂದ್ರಗಳು ಲೋಕದಾದ್ಯಂತ 2024ರಲ್ಲಿ ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್, ಅಂದರೆ ಲೋಕದ ಒಟ್ಟು ಬಳಕೆಯಲ್ಲಿ ನೂರಕ್ಕೆ ಒಂದೂವರೆ ಪಾಲು, ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಮಾಡಿದೆ. 2030ಕ್ಕೆ ಅದು ಎರಡು ಪಟ್ಟಿಗೂ ಮೀರೀತೆಂದು ಅದೇ ಸಂಸ್ಥೆಯ ಎಣಿಕೆ. ಹಾನಗಲ್ಲಿನ ದಾರಿಯಿಂದ ಎದ್ದು ಹೋದ ಹೊಗೆಯ ಒಂದು ಪಾಲು ಶಕ್ತಿನಗರದ ಚಿಮಣಿಯಲ್ಲಿ ಕಾಣಿಸಿಕೊಂಡಿದೆ. ಒಂದು ಪ್ರದೇಶದ ಖಾತೆ ಶುದ್ಧವಾಯಿತೆಂದು ಹೇಳುವವರು ಪಕ್ಕದ ಪ್ರದೇಶದ ಖಾತೆಯನ್ನೂ ತೆರೆದು ನೋಡಬೇಕು.

ಇಷ್ಟಾದರೂ ಉತಾರದ ಮಟ್ಟಿಗೆ ಗೆದ್ದದ್ದು ಮೊಬೈಲೇ. ಹಣದ ಮಟ್ಟಿಗೂ ಹಾಗೆಯೇ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ದೇಶದಲ್ಲಿ 2,000 ಕೋಟಿ ಸಲ ಹಣ ಕೈ ಬದಲಾಯಿಸಿತು. ಸವಣೂರಿನಲ್ಲಿ ಖಾರ ಮಾರುವ ಅಂಗಡಿಯವನ ಗಲ್ಲೆಯ ಪಕ್ಕದಲ್ಲಿಯೂ ಆ ಕಪ್ಪುಬಿಳಿ ಚೌಕದ ಚಿತ್ರ ನಿಂತಿದೆ. ಬೆಂಗಳೂರಿನ ಮಗಳು ಕಳುಹಿಸಿದ ಹಣಕ್ಕಾಗಿ ತಾಯಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಿಲ್ಲ.

ಆದರೆ ಅದೇ ಮಗಳು ಹಣದೊಡನೆ ಪಾರ್ಸಲ್ಲುಗಳನ್ನೂ ಕಳುಹಿಸುತ್ತಾಳೆ. ಪುಣೆ–ಬೆಂಗಳೂರು ಹೆದ್ದಾರಿ ಶಿಗ್ಗಾಂವಿಯನ್ನು ಹಾದು ಹೋಗುತ್ತದೆ. ಬೆಂಗಳೂರಿನಿಂದ 350 ಕಿಲೋಮೀಟರಿಗೂ ಮಿಕ್ಕ ದಾರಿ. ಲಾರಿ ತುಂಬ ಸಾಮಾನು ತುಂಬಿ ಬಂದರೆ ಒಂದೊಂದು ಪಾರ್ಸಲ್ಲಿನ ಪಾಲಿಗೆ ಬರುವ ಹೊಗೆ ಅತ್ಯಲ್ಪ. ಹತ್ತು ಮನೆಯವರು ಹತ್ತು ಗಾಡಿಯಲ್ಲಿ ಪೇಟೆಗೆ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ಕೆಡುವುದು ಕೊನೆಯ ಹರದಾರಿಯಲ್ಲಿ. ಹೆದ್ದಾರಿ ಬಿಟ್ಟು ಒಳಗಿರುವ, ರೈಲಂತೂ ಇಲ್ಲದ ಹಿರೇಕೆರೂರಿನ ಕಡೆಯ ಹಳ್ಳಿಗೆ ಒಂದು ಜೊತೆ ಚಪ್ಪಲಿಯನ್ನು ನಾಳೆಯೇ ಮುಟ್ಟಿಸಬೇಕೆಂದರೆ ಅರ್ಧ ಖಾಲಿಯಾದ ಗಾಡಿ ಓಡಬೇಕು. ಚಪ್ಪಲಿ ಕಾಲಿಗೆ ಹಿಡಿಯದೆ ಹೋದರೆ ಅದೇ ದಾರಿಯಲ್ಲಿ ಹಿಂದಿರುಗಬೇಕು. ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಅಳತೆ ನೋಡುತ್ತಿದ್ದ ಹಳೆಯ ಪದ್ಧತಿಯಲ್ಲಿ ಈ ದಂಡ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲಿಯೇ ಕಲ್ಲಿದ್ದಲಿನ ಬಗ್ಗೆ ಒಂದು ಗ್ರಂಥ ಬರೆದು, ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಕೆಲಸ ಮಾಡಲು ಕಲಿತಷ್ಟೂ ದೇಶದ ಕಲ್ಲಿದ್ದಲಿನ ಖರ್ಚು ಏರಿತೆಂದು ತೋರಿಸಿದ. ಅಗ್ಗವಾದದ್ದನ್ನು ಜನ ಹೆಚ್ಚು ಬಳಸಿದರು. ಹಾನಗಲ್ಲಿನ ಪ್ರಯಾಣ ಉಳಿಸಿದ ಮಗ ಅದೇ ಪೆಟ್ರೋಲಿನಲ್ಲಿ ಸಂಜೆ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಹಾವೇರಿಗೆ ಸಿನಿಮಾ ನೋಡಲು ಹೋದರೆ ಜೆವನ್ಸನ ಮಾತು ಅಲ್ಲಿಗೂ ಸಲ್ಲುತ್ತದೆ. ಹುಡುಗ ಸಿನಿಮಾ ನೋಡಬಾರದೆಂದು ಇದರ ಅರ್ಥವಲ್ಲ. ಉಳಿದ ಪೆಟ್ರೋಲನ್ನು ಉಳಿಯಿತೆಂದು ಬರೆದುಕೊಳ್ಳುವ ಮುಂಚೆ ಸಂಜೆಯವರೆಗೆ ಕಾಯಬೇಕೆಂದಷ್ಟೆ.

ಪೇಟೆಯ ವ್ಯಾಪಾರದಲ್ಲಿಯೂ ಯಂತ್ರ ಬಂದಿದೆ. ಇದೇ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರು ನಡೆಯುವುದು ಕಂಪ್ಯೂಟರಿನಲ್ಲಿ. ಧಾರಣೆ ಮೊಬೈಲಿನಲ್ಲಿ ತಿಳಿದರೆ ಚೀಲ ಹೇರಿಕೊಂಡು ಸುಮ್ಮನೆ ಹೋಗಿ ಬರುವುದು ತಪ್ಪುತ್ತದೆ, ಇದು ಲಾಭ. ಧಾರಣೆ ಏರುವ ತನಕ ಕಾಯಿಯನ್ನು ಶೀತಗೃಹದಲ್ಲಿಟ್ಟರೆ ತಿಂಗಳುಗಟ್ಟಲೆ ವಿದ್ಯುತ್ತು ಬೇಕು, ಇದು ಖರ್ಚು. ಸವಣೂರಿನ ವೀಳ್ಯದೆಲೆಗೆ ಈ ಎರಡು ಗೊಡವೆಯೂ ಇಲ್ಲ. ಅದು ಬಾಡುವ ಮುನ್ನ ಊರು ಸೇರಬೇಕು. ಎಲೆಯ ಹಣ ಮೊಬೈಲಿನಲ್ಲಿ ಬರುತ್ತದೆ; ಎಲೆ ಮಾತ್ರ ಎಂದಿನಂತೆ ಗಾಡಿಯಲ್ಲಿಯೇ ಹೋಗುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕಿಲೋ ಎರಡು ಕಿಲೋಗಳ ಜಗಳ. ಈ ನಾಲ್ಕು ತಾಲ್ಲೂಕುಗಳ ನಿಜವಾದ ಇಂಗಾಲದ ಖಾತೆ ರಸ್ತೆಯ ಮೇಲಿಲ್ಲ, ಹೊಲದಲ್ಲಿದೆ. ಇಲ್ಲಿ ದೊಡ್ಡ ಕಾರ್ಖಾನೆಗಳ ಸಾಲಿಲ್ಲ; ಗೋವಿನಜೋಳ, ಭತ್ತ, ಹತ್ತಿಗಳಿವೆ. ಯೂರಿಯಾದ ಒಂದು ಚೀಲ 45 ಕಿಲೋ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ ಇಪ್ಪತ್ತು ಕಿಲೋಗೆ ಮಿಕ್ಕು. ಒಣಹೊಲಕ್ಕೆ ಚೆಲ್ಲಿದ ಈ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಣ್ಣಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಮೇಲೇರುತ್ತದೆಂದು ವಿಜ್ಞಾನಿಗಳು ಎಣಿಕೆಗೆ ಹಿಡಿಯುತ್ತಾರೆ. ಆ ಅನಿಲ ತೂಕಕ್ಕೆ ತೂಕವಿಟ್ಟರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲಾಮ್ಲಕ್ಕಿಂತ 273 ಪಟ್ಟು ಬಲಶಾಲಿ. ಗುಣಿಸಿ ನೋಡಿದರೆ ಒಂದು ಚೀಲ ಯೂರಿಯಾದಿಂದ ಸುಮಾರು 89 ಕಿಲೋ ಇಂಗಾಲಾಮ್ಲಕ್ಕೆ ಸಮನಾದ ತಾಪ. ಗೊಬ್ಬರದ ಕಾರ್ಖಾನೆಯಲ್ಲಿ ಹುಟ್ಟಿದ ಹೊಗೆ ಇದಕ್ಕೆ ಸೇರಿಲ್ಲ.

ಒಂದು ಚೀಲವೆಂದರೆ ಹಾನಗಲ್ಲಿಗೆ ಸುಮಾರು ಐವತ್ತು ಸಲ ಹೋಗಿ ಬಂದಷ್ಟು. ಒಂದು ಹೊಸ ಮೊಬೈಲಿನ ಹುಟ್ಟಿಗಿಂತಲೂ ಹೆಚ್ಚು. ಏಳೆಕರೆಯ ಗೃಹಸ್ಥ ವರ್ಷಕ್ಕೆ ಎಷ್ಟು ಚೀಲ ಚೆಲ್ಲುತ್ತಾನೆಂಬುದನ್ನು ವಾಚಕರೇ ಊಹಿಸಬಹುದು. ಆತ ಮೂರ್ಖನಲ್ಲ. ಸರಕಾರದ ಸಹಾಯಧನದಿಂದ ಚೀಲದ ಬೆಲೆ 266 ರೂಪಾಯಿ ಚಿಲ್ಲರೆಯಷ್ಟೇ. ಇಂದು ಚೆಲ್ಲಿದ ಗೊಬ್ಬರ ನಾಳೆಯ ಜಡಿಮಳೆಗೆ ಕೊಚ್ಚಿ ಹೋದರೆ ಇನ್ನೊಂದು ಚೀಲ ಚೆಲ್ಲದೆ ಗತ್ಯಂತರವಿಲ್ಲ. ಮಳೆ ಯಾವಾಗ ಬಂದೀತೆಂದು ತಿಳಿಯದವನು ಎರಡು ಸಲ ಚೆಲ್ಲುತ್ತಾನೆ. ಗೊಬ್ಬರ ಸಿಗದೆ ಹೋದೀತೆಂಬ ಭಯವೂ ಅವನಿಗುಂಟು, ಅದಕ್ಕೆ ಕಾರಣವೂ ಉಂಟು. 2008ರ ಜೂನ್ 10ರಂದು ಇದೇ ಹಾವೇರಿಯಲ್ಲಿ ಗೊಬ್ಬರ ಕೇಳಲು ನಿಂತ ರೈತರ ಮೇಲೆ ಪೊಲೀಸರ ಗುಂಡು ಹಾರಿತು, ರೈತರು ಪ್ರಾಣ ಕಳೆದುಕೊಂಡರು. 2025ರ ಮುಂಗಾರಿನಲ್ಲಿಯೂ ರಾಜ್ಯದಲ್ಲಿ ಯೂರಿಯಾದ ಕೊರತೆಯಾಗಿ ಸಾಲುಗಳು ಬೆಳೆದವು. ಅಂತಹ ಸಾಲಿನಲ್ಲಿ ನಿಂತವನಿಗೆ ಕಡಿಮೆ ಚೆಲ್ಲೆಂದು ಉಪದೇಶ ಮಾಡಹೋಗುವವನಿಗೆ ಧೈರ್ಯ ಬೇಕು, ವಿವೇಕ ಸಾಲದೆಂದು ಹೇಳಬೇಕಾಗುತ್ತದೆ.

ಮೊಬೈಲು ನಿಜವಾಗಿ ಕೆಲಸಕ್ಕೆ ಬರಬೇಕಾದದ್ದು ಈ ಜಾಗದಲ್ಲಿ. ಗೊಬ್ಬರದ ಅಂಗಡಿಗೆ ಡಿಜಿಟಲ್ ಯುಗ ಬರದೆ ಇಲ್ಲ. 2018ರಿಂದ ದೇಶದಾದ್ಯಂತ ಅಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರ ಕುಳಿತಿದೆ. ಯಾರು ಎಷ್ಟು ಚೀಲ ಒಯ್ದರೆಂಬುದನ್ನು ಅದು ತಪ್ಪದೆ ಬರೆದುಕೊಳ್ಳುತ್ತದೆ. ಯಾವ ದಿನ ಚೆಲ್ಲಬೇಕೆಂಬುದನ್ನು ಹೇಳುವುದಿಲ್ಲ. 2015ರಿಂದ ಮಣ್ಣಿನ ಆರೋಗ್ಯ ಚೀಟಿಗಳು ಬಂದಿವೆ; ಚೀಟಿ ಒಂದು ಕಡೆ, ಯಂತ್ರ ಒಂದು ಕಡೆ. ಹವಾಮಾನ ಇಲಾಖೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ರೈತರಿಗಾಗಿ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. 2019ರಿಂದ ‘ಮೇಘದೂತ’ವೆಂಬ ಹೆಸರಿನಲ್ಲಿ ಅದು ಮೊಬೈಲಿಗೂ ಬರುತ್ತದೆ. ಜಿಲ್ಲೆಗೆ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮೂರು ಕಡೆ ಬಿದ್ದಿರುವ ಈ ದಾರಗಳನ್ನು ಒಂದು ಗಂಟಿಗೆ ತಂದು, ‘ಎರಡು ದಿನ ತಡೆ, ಒಂದು ಚೀಲ ಕಡಿಮೆ ಸಾಕು’ ಎಂಬ ಒಂದು ಸಾಲು ಸರಿಯಾದ ದಿನ ಮೊಬೈಲಿಗೆ ಬಂದು, ರೈತ ಅದನ್ನು ನಂಬುವಂತಾದರೆ, ಆ ಒಂದು ಸಾಲು ಸುಮಾರು ಐವತ್ತು ಉತಾರಗಳಿಗೆ ಸಮ. ಆತನ 266 ರೂಪಾಯಿಯೂ ಉಳಿಯಿತು. ಸರಕಾರಕ್ಕೆ ಉಳಿಯುವ ಸಹಾಯಧನ ಅದಕ್ಕಿಂತ ಹೆಚ್ಚು.

ಇದರಲ್ಲಿ ಆತುರವೇಕೆಂದು ಕೇಳುವವರಿಗೆ 2023ರ ನೆನಪು ಸಾಕು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಬರ ಪರಿಹಾರದ ಮೊದಲ ಕಂತು, ಹೆಚ್ಚೆಂದರೆ ಎರಡು ಸಾವಿರ ರೂಪಾಯಿ, 2024ರ ಜನವರಿಯಲ್ಲಿ ರೈತರ ಖಾತೆಗೆ ನೇರವಾಗಿ ಬಂತು. ಯಾರೂ ಕಚೇರಿಗೆ ಅಲೆಯಲಿಲ್ಲ, ಯಾರ ಕೈಯನ್ನೂ ಬಿಸಿ ಮಾಡಲಿಲ್ಲ. ಡಿಜಿಟಲ್ ವ್ಯವಸ್ಥೆಯ ಜಯವೆಂದು ಬರೆದುಕೊಳ್ಳಬಹುದಾದ ದಿನ. ಆದರೆ ಅಂಥ ಬರಗಳನ್ನು ತೀಕ್ಷ್ಣಗೊಳಿಸುವ ತಾಪದ ಬಹುಪಾಲನ್ನು ಲೋಕದ ಆಕಾಶಕ್ಕೆ ಏರಿಸಿದವರು ಈ ನಾಲ್ಕು ತಾಲ್ಲೂಕುಗಳವರಲ್ಲ, ಬಿಸಿಲು ಬಡಿದದ್ದು ಮಾತ್ರ ಇವರ ಗೋವಿನಜೋಳಕ್ಕೆ.

ಉತಾರ ಸಿಕ್ಕಿತು, ಸಾಲವೂ ಮಂಜೂರಾಯಿತು, ಗೊಬ್ಬರದ ಚೀಲಗಳು ಪಡಸಾಲೆಗೆ ಬಂದವು. ಹೊಲಕ್ಕೆ ಹೊರಡುವ ಮುನ್ನ ಗೃಹಸ್ಥ ಅಂಗಳದಲ್ಲಿ ನಿಂತು ಮುಗಿಲು ನೋಡುತ್ತಾನೆ. ಆ ಮೇಲೆ ಕಟ್ಟೆಯ ಕಡೆ ತಿರುಗಿ, “ಏ, ಉತಾರ ತಗದ್ಯಲ್ಲ ಅದರಾಗ, ನಾಳೆ ಮಳಿ ಬರ್ತೈತೇನು ನೋಡು,” ಎನ್ನುತ್ತಾನೆ. ಮಗ ಬೆರಳಾಡಿಸುತ್ತಾನೆ.

“ಹಾವೇರಿ ಜಿಲ್ಲೆದಾಗ ಅಲ್ಲಲ್ಲಿ ಬರಬಹುದು ಅಂತ ಐತಿ ಯಪ್ಪಾ.”

“ಅಲ್ಲಲ್ಲಿ ಅಂದ್ರ ಎಲ್ಲಿ?”

ಮಗನಿಗೆ ಉತ್ತರ ಸಿಗಲಿಲ್ಲ. ತಂದೆ ಚೀಲ ಹೆಗಲಿಗೇರಿಸಿದ.